ಹಿರೋಶಿಮಾ: ಎಂಟು ದಶಕಗಳ ತಕರಾರು

1947ರ ಫೆಬ್ರುವರಿಯಲ್ಲಿ ಅಮೆರಿಕದ ‘ಹಾರ್ಪರ್ಸ್’ ಮಾಸಪತ್ರಿಕೆಯಲ್ಲಿ ಹೆನ್ರಿ ಸ್ಟಿಮ್ಸನ್ ಒಂದು ಲೇಖನ ಬರೆದರು. ಯುದ್ಧಕಾಲದಲ್ಲಿ ಅವರು ಸಮರ ಕಾರ್ಯದರ್ಶಿಯಾಗಿದ್ದವರು. ಹಿರೋಶಿಮಾ, ನಾಗಸಾಕಿಗಳ ಮೇಲೆ ಅಣುಬಾಂಬ್ ಏಕೆ ಹಾಕಬೇಕಾಯಿತು ಎಂಬುದಕ್ಕೆ ಅವರ ಉತ್ತರ ನೇರವಾಗಿತ್ತು: ಹಾಕದಿದ್ದರೆ ಜಪಾನಿನ ನೆಲದಲ್ಲಿ ಸೈನ್ಯ ಇಳಿಸಬೇಕಿತ್ತು, ಅಮೆರಿಕದ ಕಡೆಯ ಸಾವುನೋವೇ ಹತ್ತು ಲಕ್ಷ ದಾಟಬಹುದಿತ್ತು.

ಆ ಲೇಖನ ತಾನಾಗಿ ಹುಟ್ಟಿದ್ದಲ್ಲ. ಹಿಂದಿನ ವರ್ಷದ ಆಗಸ್ಟಿನಲ್ಲಿ ‘ನ್ಯೂಯಾರ್ಕರ್’ ತನ್ನ ಇಡೀ ಸಂಚಿಕೆಯನ್ನು ಜಾನ್ ಹರ್ಸಿಯ ಹಿರೋಶಿಮಾ ವರದಿಗೆ ಬಿಟ್ಟುಕೊಟ್ಟಿತ್ತು. ಬದುಕುಳಿದ ಆರು ಮಂದಿಯ ಕಥೆ ಓದಿದವರನ್ನು ಕಲಕಿತ್ತು. ಅದಕ್ಕೂ ಮುಂಚೆ, ಜುಲೈನಲ್ಲಿ, ಸರ್ಕಾರ ತಾನೇ ನೇಮಿಸಿದ್ದ ಬಾಂಬ್‌ದಾಳಿ ಸಮೀಕ್ಷಾ ತಂಡ ಮುಜುಗರದ ಮಾತು ಬರೆದಿತ್ತು: ಅಣುಬಾಂಬ್ ಬೀಳದಿದ್ದರೂ, ರಷ್ಯಾ ಯುದ್ಧಕ್ಕಿಳಿಯದಿದ್ದರೂ 1945ರ ಅಂತ್ಯದೊಳಗೆ ಜಪಾನ್ ಶರಣಾಗುವುದು ಖಚಿತವಿತ್ತು. ಟೀಕೆ ಬೆಳೆಯುವುದನ್ನು ಕಂಡು, ಬಾಂಬ್ ಯೋಜನೆಯಲ್ಲಿ ಪಾಲುಗೊಂಡಿದ್ದ ಹಾರ್ವರ್ಡ್ ಮುಖ್ಯಸ್ಥ ಜೇಮ್ಸ್ ಕೊನಾಂಟ್ ಸ್ಟಿಮ್ಸನ್‌ರಿಂದ ಪಟ್ಟುಹಿಡಿದು ಬರೆಸಿದರು. ಈ ವಿಷಯದ ಇತಿಹಾಸ ಬರವಣಿಗೆ ಶುರುವಾದದ್ದೇ ಹೀಗೆ, ಒಂದು ಸಮರ್ಥನೆಯಿಂದ.

ಮೊದಲ ಎದುರುದನಿಗಳು ಅಮೆರಿಕದ ಹೊರಗಿನವು. 1948ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್, ಬಾಂಬನ್ನು ಎರಡನೇ ಮಹಾಯುದ್ಧದ ಕೊನೆಯ ಏಟು ಎನ್ನುವುದಕ್ಕಿಂತ ರಷ್ಯಾದೊಂದಿಗಿನ ಶೀತಲ ಸಮರದ ಮೊದಲ ಏಟು ಎನ್ನುವುದೇ ಸರಿ ಎಂದು ವಾದಿಸಿದರು. ಅದೇ ವರ್ಷ ಅವರಿಗೆ ನೊಬೆಲ್ ಬಂತು. ನೆಹರೂ ಅವರ ಆಹ್ವಾನದ ಮೇಲೆ ಭಾರತದ ರಕ್ಷಣಾ ಸಲಹೆಗಾರರಾದವರೂ ಇದೇ ಬ್ಲ್ಯಾಕೆಟ್. ಟೋಕಿಯೊ ಯುದ್ಧಾಪರಾಧ ನ್ಯಾಯಮಂಡಳಿಯಲ್ಲಿದ್ದ ನಮ್ಮ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಇನ್ನೂ ಕಟುವಾಗಿದ್ದರು. ನಾಜಿ ನಾಯಕರ ಆದೇಶಗಳಿಗೆ ಪೆಸಿಫಿಕ್ ಯುದ್ಧದಲ್ಲಿ ಸಮೀಪವೆನ್ನಬಹುದಾದದ್ದು ಏನಾದರೂ ಇದ್ದರೆ ಅದು ಅಣುಬಾಂಬ್ ಬಳಸುವ ತೀರ್ಮಾನ ಎಂಬುದು ಅವರ ಭಿನ್ನಮತದ ತೀರ್ಪಿನ ಸಾರ. ಅಮೆರಿಕದಲ್ಲಿ ಇವರನ್ನು ಕೇಳಿಸಿಕೊಂಡವರು ಕಡಿಮೆ.

1965ರಲ್ಲಿ ಗಾರ್ ಆಲ್ಪೆರೊವಿಟ್ಜ್‌ರ ‘ಅಟಾಮಿಕ್ ಡಿಪ್ಲೊಮಸಿ’ ಬಂದಾಗ ಮಾತ್ರ ಕಿವಿಮುಚ್ಚಿ ಕೂರಲಾಗಲಿಲ್ಲ. ಅವರ ಕೈಯಲ್ಲಿದ್ದ ಆಯುಧ ಸ್ಟಿಮ್ಸನ್‌ರದೇ ದಿನಚರಿ. ಸ್ಟಾಲಿನ್ ಜೊತೆಗಿನ ಚೌಕಾಸಿಯಲ್ಲಿ ಬಾಂಬ್ ಹೇಗೆ ಉಪಯೋಗಕ್ಕೆ ಬಂದೀತು ಎಂಬ ಲೆಕ್ಕಾಚಾರ ಅದರಲ್ಲಿತ್ತು. ವಿಯೆಟ್ನಾಂ ಕಾಲದ ಯುವ ವಿದ್ವಾಂಸರು ಈ ವಾದಕ್ಕೆ ಮುಗಿಬಿದ್ದರು. ಆದರೆ ಲಾಭ ಕಂಡದ್ದು ಬೇರೆ, ಅದಕ್ಕಾಗಿಯೇ ಹಾಕಿದ್ದು ಬೇರೆ. ಈ ಅಂತರವನ್ನು ಆಲ್ಪೆರೊವಿಟ್ಜ್ ಅವಸರದಲ್ಲಿ ದಾಟಿದರು. ಹತ್ತು ವರ್ಷಗಳ ಬಳಿಕ ಮಾರ್ಟಿನ್ ಶರ್ವಿನ್ ಇದನ್ನು ತಿದ್ದಿದರು: ಬಾಂಬ್ ಬಳಸುವುದೆಂಬ ಊಹೆ ಅಧ್ಯಕ್ಷ ರೂಸ್‌ವೆಲ್ಟ್ ಕಾಲದಿಂದಲೇ ಬಂದದ್ದು, ಅವರ ನಂತರ ಅಧ್ಯಕ್ಷರಾದ ಟ್ರೂಮನ್‌ಗೆ ಅದು ಪಿತ್ರಾರ್ಜಿತ.

ಹತ್ತು ಲಕ್ಷದ ಲೆಕ್ಕ ಎಲ್ಲಿಂದ ಬಂತು? ಬಾರ್ಟನ್ ಬರ್ನ್‌ಸ್ಟೈನ್ ಕಡತ ಕೆದಕಿದರು. 1945ರ ಜೂನ್‌ನಲ್ಲಿ ಸೇನಾ ಯೋಜಕರು ಮಾಡಿದ್ದ ಅಂದಾಜಿನಲ್ಲಿ ಸಾಯುವವರ ಸಂಖ್ಯೆ 25,000ದಿಂದ 46,000. ಟ್ರೂಮನ್ 1955ರ ಆತ್ಮಕಥೆಯಲ್ಲಿ ಹೇಳಿದ್ದು ಐದು ಲಕ್ಷ. ಅಂಕಿ ಯುದ್ಧ ಮುಗಿದ ಮೇಲೆ ಕೊಬ್ಬಿತು.

ಅಷ್ಟರಲ್ಲಿ ಜಪಾನೀ ಗುಪ್ತಸಂದೇಶಗಳನ್ನು ಅಮೆರಿಕ ಭೇದಿಸಿ ಓದುತ್ತಿದ್ದ ಕಡತಗಳು ಹಂತಹಂತವಾಗಿ ಬಯಲಾದವು. 1999ರಲ್ಲಿ ರಿಚರ್ಡ್ ಫ್ರ್ಯಾಂಕ್ ಇವನ್ನಿಟ್ಟುಕೊಂಡು ಹಳೆಯ ಪಕ್ಷಕ್ಕೆ ಹೊಸ ಜೀವ ಕೊಟ್ಟರು. ದಾಳಿಗೆ ಗೊತ್ತುಮಾಡಿದ್ದ ಕ್ಯೂಶು ದ್ವೀಪದಲ್ಲಿ ಜಪಾನೀ ಪಡೆಗಳು ನಿರೀಕ್ಷೆ ಮೀರಿ ಜಮಾಯಿಸುತ್ತಿದ್ದವು. ಮಾಸ್ಕೋದಲ್ಲಿದ್ದ ಜಪಾನೀ ರಾಯಭಾರಿ ಸಾಟೊ, ಹೆಚ್ಚುಕಡಿಮೆ ಬೇಷರತ್ ಶರಣಾಗತಿಯೊಂದೇ ದಾರಿ ಎಂದು ತಂತಿ ಕಳಿಸಿದಾಗ ವಿದೇಶಾಂಗ ಸಚಿವ ಟೋಗೊ ಜುಲೈ ಕೊನೆಯ ಹೊತ್ತಿಗೂ ಒಪ್ಪಲಿಲ್ಲ.

ಇಷ್ಟಾದರೂ ಚರ್ಚೆ ಬಹುಮಟ್ಟಿಗೆ ವಾಷಿಂಗ್ಟನ್ ಸುತ್ತಲೇ ಗಿರಕಿ ಹೊಡೆಯುತ್ತಿತ್ತು. 2005ರಲ್ಲಿ ಜಪಾನೀ, ರಷ್ಯನ್, ಇಂಗ್ಲಿಷ್ ಮೂರೂ ಆಕರಗಳನ್ನು ಓದಬಲ್ಲ ತ್ಸುಯೋಶಿ ಹಸೆಗಾವಾ ಬಂದರು. ಆಗಸ್ಟ್ 9ರ ಬೆಳಗಿನ ಜಾವ ರಷ್ಯಾ ಮಂಚೂರಿಯಾಕ್ಕೆ ನುಗ್ಗಿದ್ದೇ ಟೋಕಿಯೊವನ್ನು ಹೆಚ್ಚು ಅಲುಗಿಸಿತು ಎಂಬುದು ಅವರ ನಿಲುವು. ನಾಗಸಾಕಿಯ ಸುದ್ದಿ ತಲುಪಿದ ಮೇಲೂ ಆರು ಮಂದಿಯ ಸಮರ ಮಂಡಳಿ ಮೂರು–ಮೂರಾಗಿ ಒಡೆದೇ ಇತ್ತು. ಇತಿಹಾಸಕಾರ ಸದಾವೊ ಅಸಾದಾ ಹಸೆಗಾವಾರ ನಿಲುವನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಬಾಂಬಿನ ಆಘಾತವೇ ನಿರ್ಣಾಯಕ. ತಮಾಷೆಯೆಂದರೆ ಚಕ್ರವರ್ತಿ ಹಿರೊಹಿತೊ ಇಬ್ಬರಿಗೂ ಸಾಕ್ಷಿ ಒದಗಿಸಿದ್ದಾರೆ. ಆಗಸ್ಟ್ 15ರ ಬಾನುಲಿ ಭಾಷಣದಲ್ಲಿ ಕ್ರೂರ ಬಾಂಬಿನ ಮಾತಿದೆ, ರಷ್ಯಾದ ಹೆಸರಿಲ್ಲ. 17ರಂದು ಸೈನಿಕರಿಗೆ ಹೊರಡಿಸಿದ ಆಜ್ಞೆಯಲ್ಲಿ ರಷ್ಯಾ ಇದೆ, ಬಾಂಬ್ ಇಲ್ಲ.

ವಿದ್ವಾಂಸರ ಈ ಜಗಳ ಜನರವರೆಗೆ ಹೋದಾಗ ಏನಾಗುತ್ತದೆಂದು 1995ರಲ್ಲಿ ಗೊತ್ತಾಯಿತು. ಬಾಂಬ್ ಹಾಕಿದ ‘ಎನೋಲಾ ಗೇ’ ವಿಮಾನದ ಜೊತೆ ಹಿರೋಶಿಮಾದ ಸಂಕಟವನ್ನೂ ತೋರಿಸಲು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಹೊರಟಿತ್ತು. ಮಾಜಿ ಸೈನಿಕರ ಸಂಘಗಳು, ಕಾಂಗ್ರೆಸ್ ಸದಸ್ಯರು ಕೆರಳಿದರು. ಪ್ರದರ್ಶನ ರದ್ದಾಯಿತು, ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಇನ್ನು ಸಿನಿಮಾದ ಇತಿಹಾಸವೇ ಬೇರೆ. 2023ರ ‘ಓಪನ್‌ಹೈಮರ್’ ಚಿತ್ರದ ಸ್ಟಿಮ್ಸನ್ ತಾನು ಮಧುಚಂದ್ರಕ್ಕೆ ಹೋಗಿದ್ದ ಊರೆಂದು ಕ್ಯೋಟೊವನ್ನು ಗುರಿಗಳ ಪಟ್ಟಿಯಿಂದ ಹೊಡೆದುಹಾಕುತ್ತಾರೆ. ನಿಜದ ಸ್ಟಿಮ್ಸನ್ ಮದುವೆಯಾದದ್ದು 1893ರಲ್ಲಿ, ಕ್ಯೋಟೊ ನೋಡಿದ್ದು 1920ರ ದಶಕದಲ್ಲಿ.

ಈಚಿನ ಪ್ರಶ್ನೆ ಎಲ್ಲಕ್ಕಿಂತ ಬುಡಕ್ಕೇ ಕೈಹಾಕುವಂಥದ್ದು: ಎಲ್ಲರೂ ಚರ್ಚಿಸಿದ ಆ ‘ತೀರ್ಮಾನ’ ನಡೆದದ್ದಾದರೂ ಯಾವಾಗ? ಜುಲೈ 25ರ ಆದೇಶಕ್ಕೆ ಸಹಿ ಹಾಕಿದ್ದು ಜನರಲ್ ಥಾಮಸ್ ಹ್ಯಾಂಡಿ. ಅದರಲ್ಲಿ ನಾಲ್ಕು ನಗರಗಳ ಹೆಸರಿತ್ತು. ಬಾಂಬ್ ಸಿದ್ಧವಾದಂತೆ ಹಾಕುತ್ತ ಹೋಗಿ ಎಂಬ ಅಪ್ಪಣೆಯೂ ಇತ್ತು. ಅದೇ ದಿನ ಟ್ರೂಮನ್ ದಿನಚರಿಯಲ್ಲಿ, ಗುರಿ ಸೇನಾ ನೆಲೆಗಳೇ ಹೊರತು ಹೆಂಗಸರು ಮಕ್ಕಳಲ್ಲ ಎಂದು ಬರೆದುಕೊಂಡರು. ಹಿರೋಶಿಮಾ ಒಂದು ಊರೆಂದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲವೇನೋ ಎಂಬುದು ಇತಿಹಾಸಕಾರ ಅಲೆಕ್ಸ್ ವೆಲರ್‌ಸ್ಟೈನ್ ಅವರ ಅನುಮಾನ. ಇದು ಪೂರ್ತಿ ನಂಬುವಂತಿಲ್ಲದಿದ್ದರೂ ತಳ್ಳಿಹಾಕುವಂತೆಯೂ ಇಲ್ಲ. ಎರಡನೆಯ ಬಾಂಬಿಗೆ ಅಧ್ಯಕ್ಷರನ್ನು ಪ್ರತ್ಯೇಕವಾಗಿ ಕೇಳಿದವರಿಲ್ಲ. ಅದರ ಮೊದಲ ಗುರಿಯಾಗಿದ್ದ ಕೊಕುರಾ ಮೇಲೆ ಮೋಡ, ಹೊಗೆ ಮುಸುಕಿದ್ದರಿಂದ ವಿಮಾನ ನಾಗಸಾಕಿಯತ್ತ ತಿರುಗಿತು. ಟ್ರೂಮನ್ನರದೇ ಎಂದು ಬೆರಳಿಟ್ಟು ತೋರಿಸಬಹುದಾದ ಆದೇಶ ಆಗಸ್ಟ್ 10ರದು. ಇನ್ನೊಂದು ಲಕ್ಷ ಜನರನ್ನು, ಅಷ್ಟೊಂದು ಮಕ್ಕಳನ್ನು ಕೊಲ್ಲುವುದು ತಮ್ಮಿಂದಾಗದೆಂದು ಅವರು ಸಂಪುಟಕ್ಕೆ ಹೇಳಿದ್ದನ್ನು ಸಚಿವ ಹೆನ್ರಿ ವಾಲೇಸ್ ಬರೆದಿಟ್ಟಿದ್ದಾರೆ. ಅಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಮತ್ತೊಂದು ಬಾಂಬ್ ಹಾಕಕೂಡದೆಂದು ಸೇನಾ ಮುಖ್ಯಸ್ಥ ಮಾರ್ಷಲ್ ಅಂದೇ ಟಿಪ್ಪಣಿ ಬರೆದರು. ಮೂರನೆಯದು ಆಗಸ್ಟ್ 17 ಇಲ್ಲವೇ 18ರ ನಂತರ ಬಳಕೆಗೆ ಸಿದ್ಧವಾಗುವುದಿತ್ತು.