ಹುಟ್ಟು ಮತ್ತು ಪಟ್ಟ

ರಾಜನ ರಕ್ತ ಒಡಲಲ್ಲಿ ಹರಿಯುತ್ತಿದ್ದರೆ ಸಾಕೇ, ಪಟ್ಟಕ್ಕೆ ಬೇರೇನಾದರೂ ಬೇಕೇ? ಇತಿಹಾಸವನ್ನು ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು.

ಇಂಗ್ಲೆಂಡಿನ ದೊರೆ ಒಂದನೆಯ ಹೆನ್ರಿಗೆ ವಿವಾಹದ ಹೊರಗೆ ಹುಟ್ಟಿದ ಮಕ್ಕಳು ಇಪ್ಪತ್ತಕ್ಕೂ ಹೆಚ್ಚು. ಅವರಲ್ಲೊಬ್ಬಳು ಮಟಿಲ್ಡಾ. ಆಕೆಯನ್ನು ಫ್ರಾನ್ಸಿನ ಪೆರ್ಶ್ ಸೀಮೆಯ ಒಡೆಯ ರೋಟ್ರೂನಿಗೆ ಕೊಟ್ಟು ಮದುವೆ ಮಾಡಲಾಯಿತು. ಆಕೆ ಕೌಂಟೆಸ್ ಎನಿಸಿಕೊಂಡಳು. 1120ರ ನವೆಂಬರಿನಲ್ಲಿ ‘ವೈಟ್ ಶಿಪ್’ ಎಂಬ ಹಡಗು ಮುಳುಗಿದಾಗ ಆಕೆಯೂ ಹೆನ್ರಿಯ ಏಕೈಕ ಸಕ್ರಮ ಪುತ್ರ ವಿಲಿಯಮನೂ ನೀರುಪಾಲಾದರು. ಆಕೆಯ ರಕ್ತ ಬೀಗತನ ಬೆಳೆಸುವುದಕ್ಕೆ ಸಾಕಾಯಿತು, ಸಿಂಹಾಸನಕ್ಕೆ ಸಾಲುತ್ತಿರಲಿಲ್ಲ.

ನಮ್ಮ ಕೆಳದಿಯಲ್ಲಿ ನಡೆದುದು ಇದಕ್ಕೆ ತಿರುಗುಮುರುಗು. ಚೆನ್ನಮ್ಮಾಜಿ ಅರಸುಮಗಳಲ್ಲ, ಕೋಟಿಪುರದ ಸಿದ್ದಪ್ಪ ಶೆಟ್ಟರ ಮಗಳು. ಸೋಮಶೇಖರ ನಾಯಕನ ಕೈಹಿಡಿದು ಬಿದನೂರಿನ ಅರಮನೆಗೆ ಬಂದವಳು. ಮಕ್ಕಳಿಲ್ಲದೆ ಪತಿ ಕೊಲೆಯಾದಾಗ ಬಿಜಾಪುರದ ಸೈನ್ಯ ಬಾಗಿಲಿಗೆ ಬಂದಿತ್ತು. ಆಸ್ಥಾನದ ಬಣಗಳು ತಮಗೆ ಬೇಕಾದವರನ್ನು ಪಟ್ಟಕ್ಕೆ ತರಲು ಹವಣಿಸುತ್ತಿದ್ದವು. ಆಕೆ ಇಂದಿನ ತೀರ್ಥಹಳ್ಳಿ ತಾಲ್ಲೂಕಿನ ಭುವನಗಿರಿ, ಎಂದರೆ ಕವಲೇದುರ್ಗದಲ್ಲಿ ನೆಲೆನಿಂತು ರಾಜ್ಯವನ್ನು ಮರಳಿ ಪಡೆದಳು. 1672ರಿಂದ 1697ರವರೆಗೆ ಇಪ್ಪತ್ತೈದು ವರ್ಷ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದ ಪ್ರಸಂಗವನ್ನು ನಾನು ಪಾಠ ಹೇಳಿದಾಗಲೆಲ್ಲ ಮಕ್ಕಳ ಕಣ್ಣು ಅರಳುತ್ತಿತ್ತು.

ಆದರೆ ಆಕೆಯ ದೊಡ್ಡ ಜಾಣ್ಮೆ ನನಗೆ ಕಾಣುವುದು ಯುದ್ಧದಲ್ಲಲ್ಲ, ದತ್ತಕದಲ್ಲಿ. ಆಕೆ ಆರಿಸಿಕೊಂಡ ಬಸಪ್ಪ ನಾಯಕನೂ ಅರಸುಮಗನಲ್ಲ, ಬಿದನೂರಿನ ಶೆಟ್ಟರ ಮನೆಯ ಹುಡುಗ. ಅವನಿಗೆ ರಾಜ್ಯವಾಳುವ ಶಿಕ್ಷಣ ದೊರೆಯಿತು; ಅವನು ಪಂಡಿತನಾಗಿಯೂ ಬೆಳೆದ. ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶವನ್ನು ರಚಿಸಿದ. ಅದರಲ್ಲಿ ಕೆಳದಿಯ ಅರಸರ ಚರಿತ್ರೆಯೂ ಸೇರಿದೆ. ರಕ್ತದಿಂದ ಆ ವಂಶಕ್ಕೆ ಸೇರದವನೇ ವಂಶದ ಚರಿತ್ರೆಯನ್ನು ಮುಂದಿನವರಿಗೆ ಉಳಿಸಿಕೊಟ್ಟ!

ದತ್ತಕವೆಂಬ ಇದೇ ಬಾಗಿಲು ಮುಂದೆ ಶತ್ರುವಿಗೂ ತೆರೆದುಕೊಂಡಿತು. ರಾಣಿ ವೀರಮ್ಮಾಜಿಯ ಕಾಲದಲ್ಲಿ ದತ್ತುಪುತ್ರ ಚೆನ್ನಬಸಪ್ಪ ತೀರಿಕೊಂಡ. ಆಕೆ ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಂಡು ಅವನ ಹೆಸರಿನಲ್ಲಿ ಆಳುತ್ತಿದ್ದಳು. ಅಷ್ಟರಲ್ಲಿ ತಾನೇ ಚೆನ್ನಬಸಪ್ಪ, ತಾನು ಸತ್ತಿಲ್ಲ ಎಂದು ಹೇಳಿಕೊಂಡು ಬಂದವನೊಬ್ಬನನ್ನು ಮುಂದಿಟ್ಟುಕೊಂಡು ಹೈದರಾಲಿ 1763ರಲ್ಲಿ ಬಿದನೂರಿಗೆ ನುಗ್ಗಿದ. ರಾಜ್ಯ ಆ ಹಕ್ಕುದಾರನಿಗೂ ದಕ್ಕಲಿಲ್ಲ, ರಾಣಿಗೂ ಉಳಿಯಲಿಲ್ಲ. ಆಕೆ ಮಧುಗಿರಿಯಲ್ಲಿ ಸೆರೆಯಾದಳು. ಬಿದನೂರು ಹೈದರನಗರವಾಯಿತು, ಇಂದು ಹೊಸನಗರ ತಾಲ್ಲೂಕಿನ ನಗರ.

ಮಟಿಲ್ಡಾಳಿಗೆ ರಕ್ತವಿತ್ತು, ಹಕ್ಕಿರಲಿಲ್ಲ. ಚೆನ್ನಮ್ಮಾಜಿಗೆ ರಕ್ತವಿರಲಿಲ್ಲ, ಹಕ್ಕನ್ನು ಆಕೆ ಗಳಿಸಿಕೊಂಡಳು. ವೀರಮ್ಮಾಜಿಯ ಹಕ್ಕು ಚೆನ್ನಮ್ಮಾಜಿಯ ಹಕ್ಕಿಗಿಂತ ಕಡಿಮೆಯದೇನಲ್ಲ. ಅದನ್ನು ಕಾಯುವ ಬಲ ಮಾತ್ರ ಜೊತೆಗಿರಲಿಲ್ಲ. ಒಬ್ಬಳನ್ನು ಕೊಂಡಾಡಿ ಇನ್ನೊಬ್ಬಳನ್ನು ಹಳಿಯುವ ಮೊದಲು ನಾವು ಇಷ್ಟನ್ನು ನೆನೆಯಬೇಕು. ಹುಟ್ಟು ಯಾರ ಕೈಯಲ್ಲೂ ಇಲ್ಲ. ಪಟ್ಟವಾದರೋ ಗಳಿಸಿಕೊಂಡವರ ಕೈಯಲ್ಲೂ ಬಹುಕಾಲ ನಿಲ್ಲುವುದಿಲ್ಲ.