ಪೆರಾಂಬುಲೇಟರ್: ಒಂದು ಪದದ ನಡಿಗೆ

ಕೆಲವು ವರ್ಷಗಳ ಹಿಂದೆ ಚೆನ್ನೈನ ಕಚೇರಿಯೊಂದರಲ್ಲಿ ನಾವು ವಾರ್ಷಿಕ ದಾಸ್ತಾನು ಪರಿಶೀಲನೆಗೆ ಕುಳಿತಿದ್ದೆವು. ಹಳೆಯ ರಿಜಿಸ್ಟರಿನಲ್ಲಿ ‘ಪೆರಾಂಬುಲೇಟರ್ – 1’ ಎಂಬ ನಮೂದು ಕಂಡಿತು. ಸರ್ಕಾರಿ ಕಚೇರಿಗೆ ಕೂಸಿನ ಗಾಡಿಯನ್ನು ಯಾರು ತಂದರೆಂದು ನಕ್ಕವರಲ್ಲಿ ನಾವೇ ಮೊದಲಿಗರು, ಇಂಗ್ಲಿಷ್ ಎಂ.ಎ. ಮಾಡಿದ ಹಮ್ಮು ಬೇರೆ. ನಿವೃತ್ತಿಯ ಅಂಚಿನಲ್ಲಿದ್ದ ಖಲಾಸಿಯೊಬ್ಬರು ಉಗ್ರಾಣದ ಮೂಲೆಯಿಂದ ಉದ್ದ ಹಿಡಿಕೆಯ ಒಂಟಿ ಗಾಲಿಯೊಂದನ್ನು ಹೊರತಂದು, ಇದು ರಸ್ತೆ ಅಳೆಯುವ ಚಕ್ರ ಎಂದರು.

ಅವರ ಮಾತೇ ಸರಿ. ಲ್ಯಾಟಿನ್ನಿನ ‘ಪೆರಾಂಬುಲಾರೆ’ ಎಂದರೆ ಒಂದು ಪ್ರದೇಶದ ಉದ್ದಗಲ ನಡೆಯುವುದು. ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ಪೆರಾಂಬುಲೇಟರ್ ಎಂದರೆ ಹಾಗೆ ನಡೆಯುವ ಮನುಷ್ಯನೇ ಹೊರತು ಗಾಡಿಯಲ್ಲ. ಈ ನಡಿಗೆಗೆ ಕಾನೂನಿನ ತೂಕವೂ ಇತ್ತು. ಇಂಗ್ಲೆಂಡಿನಲ್ಲಿ ರಾಜನ ಕಾಡಿನ ಎಲ್ಲೆಗಳನ್ನು ನಡೆದೇ ಗೊತ್ತುಪಡಿಸುತ್ತಿದ್ದರು. ಊರಿನವರು ವಸಂತಕಾಲದಲ್ಲಿ ತಮ್ಮ ಗಡಿಯನ್ನು ಸುತ್ತುತ್ತ, ಮುಂದಿನ ತಲೆಮಾರಿಗೆ ನೆನಪಿರಲೆಂದು ಹುಡುಗರನ್ನೂ ಕರೆದೊಯ್ಯುತ್ತಿದ್ದರು. ನಮ್ಮ ದಾನಶಾಸನಗಳಲ್ಲಿ ಮೂಡಲಿಂದ ತೊಡಗಿ ಮರ, ಹಳ್ಳ, ಬಂಡೆಗಳನ್ನು ಹೆಸರಿಸುತ್ತ ಸಾಗುವ ಚತುಸ್ಸೀಮೆಯ ವಿವರವನ್ನು ಓದಿದವರಿಗೆ ಇದು ಹೊಸತೆನಿಸದು.

ಅದೇ ಶತಮಾನದ ಕೊನೆಯ ಹೊತ್ತಿಗೆ ಹೆಸರು ಮನುಷ್ಯನಿಂದ ಉಪಕರಣಕ್ಕೆ ದಾಟಿತು. ಗಾಲಿಯ ಸುತ್ತಳತೆ ಸಾಮಾನ್ಯವಾಗಿ ಎಂಟೂಕಾಲು ಅಡಿ. 640 ಸುತ್ತು ಉರುಳಿದರೆ ಒಂದು ಮೈಲಿ. ಹಲ್ಲುಚಕ್ರಗಳು ಆ ಲೆಕ್ಕವನ್ನು ಮುಳ್ಳಿನ ಫಲಕಕ್ಕೆ ಮುಟ್ಟಿಸುತ್ತಿದ್ದವು. ಆದರೆ ಗಾಲಿ ಹಳ್ಳಕ್ಕಿಳಿದು ದಿಬ್ಬ ಹತ್ತಿದಷ್ಟೂ ದೂರ ಹೆಚ್ಚಾಗಿ ತೋರುತ್ತಿತ್ತು. ಆದ್ದರಿಂದಲೇ 1802ರಲ್ಲಿ ಇದೇ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆಯಲು ವಿಲಿಯಂ ಲ್ಯಾಂಬ್ಟನ್ ಉಕ್ಕಿನ ಸರಪಳಿಯನ್ನು ಬಳಸಿದನು. ದಂಡಿನ ದಾರಿಗಳ ಅಳತೆಗೆ ಮಾತ್ರ ಗಾಲಿಯೇ ಸಾಕಾಗುತ್ತಿತ್ತು.

ಟಿಪ್ಪುವಿನ ಪತನದ ಬೆನ್ನಿಗೆ ಮೈಸೂರು ಸೀಮೆಯ ಸಮೀಕ್ಷೆಯನ್ನು ವಹಿಸಿಕೊಂಡ ಕಾಲಿನ್ ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಅವನೊಂದಿಗೆ ದುಡಿದ ಕಾವಲಿ ಸೋದರರನ್ನು ಇತಿಹಾಸಕಾರರು ಈಗ ನೆನೆಯುತ್ತಾರೆ. ಬಿಸಿಲಿನಲ್ಲಿ ಗಾಲಿ ತಳ್ಳುತ್ತ, ಸರಪಳಿ ಎಳೆಯುತ್ತ ನಡೆದ ಖಲಾಸಿಗಳ ಹೆಸರನ್ನು ನಕ್ಷೆಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕೂಸಿನ ಗಾಡಿಗೆ ಈ ಹೆಸರು ಬಂದದ್ದು 1850ರ ದಶಕದಲ್ಲಿ. ಅದಕ್ಕೂ ಹಿಂದೆ ಸಿರಿವಂತರ ಮಕ್ಕಳ ಗಾಡಿಗಳನ್ನು ಮುಂದಿನಿಂದ ಎಳೆಯುತ್ತಿದ್ದರು. ಈಗ ಹಿಂದಿನಿಂದ ತಳ್ಳುವ ಗಾಡಿ ಲಂಡನ್ನಿನ ಬೀದಿಗಿಳಿಯಿತು. ಆ ಶತಮಾನ ಮುಗಿಯುವ ಮೊದಲೇ ಉದ್ದನೆಯ ಪದ ‘ಪ್ರ್ಯಾಮ್’ ಎಂದು ಮೊಟಕಾಯಿತು. ವಿಚಿತ್ರವೆಂದರೆ, ‘ನಡೆಯುವವನು’ ಎಂಬ ಹೆಸರು ಹೊತ್ತ ಗಾಡಿಯಲ್ಲಿ ಕುಳಿತ ಕೂಸಿಗೆ ನಡಿಗೆಯೇ ಬರುವುದಿಲ್ಲ. ನಡೆಯುವವಳು ತಳ್ಳುವವಳು.

ನಮ್ಮ ದಂಡುಪ್ರದೇಶಗಳ ಬಂಗಲೆಗಳಲ್ಲಿ ಬಿಳಿಯರ ಕೂಸುಗಳನ್ನು ನೋಡಿಕೊಂಡವರು ಆಯಾಗಳು. ಕಡಲಯಾನದುದ್ದಕ್ಕೂ ಮಕ್ಕಳನ್ನು ಸಾಕಲೆಂದು ಕರೆದೊಯ್ದು, ಲಂಡನ್ ಮುಟ್ಟಿದ ಮೇಲೆ ಕೈಬಿಟ್ಟವರೂ ಇದ್ದರು. ಅಂತಹವರ ಆಸರೆಗೆಂದೇ ಅಲ್ಲಿ ‘ಆಯಾಗಳ ಮನೆ’ ಇತ್ತು. ಹ್ಯಾಕ್ನಿಯಲ್ಲಿರುವ ಆ ಕಟ್ಟಡಕ್ಕೆ 2022ರಲ್ಲಿ ನೀಲಿ ಸ್ಮಾರಕಫಲಕ ಹಾಕಿದರು. ತಡವಾಯಿತು, ಆದರೂ ಹಾಕಿದರಲ್ಲ.

ಅಂದು ಆ ಖಲಾಸಿ ಕಚೇರಿಯ ಪಡಸಾಲೆಯಲ್ಲಿ ಗಾಲಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಉರುಳಿಸಿ ತೋರಿಸಿದರು. ಫಲಕದ ಮುಳ್ಳು ಕದಲಲಿಲ್ಲ. ರಿಜಿಸ್ಟರಿನಲ್ಲಿ ‘ನಿರುಪಯುಕ್ತ’ ಎಂದು ಬರೆದು ನಾವು ರುಜು ಹಾಕಿದೆವು. ಅವರ ಹೆಸರನ್ನು ಬರೆಯಲು ಅದರಲ್ಲಿ ಕಾಲಮ್ಮು ಇರಲಿಲ್ಲ.