ಪಟೇಲರ 1967 ಮತ್ತು ಸಂವಿಧಾನದ 120ನೇ ವಿಧಿ: ಒಂದು ಮರುಪರಿಶೀಲನೆ

ಜೆ.ಎಚ್. ಪಟೇಲರ ರಾಜಕೀಯ ಜೀವನವನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನೊಂದು ಏಣಿಯಾಗಿ ಕಾಣುತ್ತಾರೆ: ಚನ್ನಗಿರಿಯ ಶಾಸಕ, ಸಚಿವ, ಉಪಮುಖ್ಯಮಂತ್ರಿ, ಮುಖ್ಯಮಂತ್ರಿ. 1967ರ ಲೋಕಸಭೆಗೆ ಈ ಏಣಿಯಲ್ಲಿ ಜಾಗವಿಲ್ಲ. ಹಾಗಾಗಿ ಅಲ್ಲಿ ಅವರು ಕನ್ನಡದಲ್ಲಿ ಮಾತನಾಡಿದ್ದನ್ನು ನಾಡಭಿಮಾನದ ಪ್ರಸಂಗವೆಂದು ಬೇರೆ ತೆಗೆದು, ನವೆಂಬರ್ ತಿಂಗಳ ಭಾಷಣಗಳಿಗೆ ಒಪ್ಪಿಸಿಬಿಟ್ಟಿದ್ದಾರೆ. ಕಾಲಾನುಕ್ರಮ ಹೇಳುವುದು ಬೇರೆ. ಕಾರಿಗನೂರಿನ ಪಟೇಲರು ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಶಿವಮೊಗ್ಗ ಕ್ಷೇತ್ರ ಗೆದ್ದು ದೆಹಲಿಗೆ ಹೋದದ್ದು 1967ರಲ್ಲಿ, ಚನ್ನಗಿರಿಯ ಶಾಸಕರಾದದ್ದು 1978ರಲ್ಲಿ. ದೆಹಲಿ ಮೊದಲು, ಬೆಂಗಳೂರು ಆಮೇಲೆ.

ಅಭಿಮಾನದ ಓದು ಕೈಬಿಟ್ಟಿರುವ ಆಕರ ಸಂವಿಧಾನವೇ. 120ನೇ ವಿಧಿಯ ಪ್ರಕಾರ ಸಂಸತ್ತಿನ ವ್ಯವಹಾರ ನಡೆಯಬೇಕಾದದ್ದು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಈ ಎರಡರಲ್ಲೂ ತನ್ನ ವಿಚಾರವನ್ನು ತಕ್ಕಷ್ಟು ಹೇಳಲಾಗದ ಸದಸ್ಯನಿಗೆ ಮಾತ್ರ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತನಾಡಲು ಅನುಮತಿ ಕೊಡಬಹುದು. ಅಂದರೆ ಅದು ಅಸಹಾಯಕನಿಗೆ ತೋರುವ ರಿಯಾಯಿತಿ. ಪಟೇಲರಾದರೋ ಕಾನೂನು ಪದವೀಧರರು, ಇಂಗ್ಲಿಷ್ ಬಲ್ಲವರು. ಅವರನ್ನು ‘ಹೇಳಲಾಗದವರ’ ಸಾಲಿಗೆ ಸೇರಿಸಲು ಯಾರಿಗೂ ಸಾಧ್ಯವಿರಲಿಲ್ಲ. ಆಗ ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವ ರೆಡ್ಡಿ. ಅವರ ಔದಾರ್ಯವನ್ನು ಹೊಗಳುವವರು, ವಿಧಿಯ ಅಕ್ಷರಕ್ಕೆ ಒಗ್ಗದ ಒಬ್ಬ ಸದಸ್ಯನಿಂದ ಆ ವಿಧಿಯ ಒಳಗಿನ ತಾರತಮ್ಯವೇ ಬಯಲಾಯಿತೆಂಬುದನ್ನು ಗಮನಿಸಿದಂತಿಲ್ಲ. ಶಾಸನಸಭೆಗಳಿಗೆ ಅನ್ವಯಿಸುವ 210ನೇ ವಿಧಿಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ರಾಜ್ಯದ ಅಧಿಕೃತ ಭಾಷೆಗೆ ಹಿಂದಿ, ಇಂಗ್ಲಿಷುಗಳ ಸರಿಸಮ ಸ್ಥಾನ. ಮೈಸೂರು ರಾಜ್ಯದಲ್ಲಿ 1963ರ ಕಾಯ್ದೆ ಕನ್ನಡವನ್ನು ಅಧಿಕೃತ ಭಾಷೆಯಾಗಿಸಿತ್ತು. ವಿಧಾನಸಭೆಯಲ್ಲಿ ಹಕ್ಕಾದದ್ದು ಲೋಕಸಭೆಯಲ್ಲಿ ಕೃಪೆಯಾಗುತ್ತಿತ್ತು.

ಆ ವರ್ಷದ ಸಂದರ್ಭವನ್ನೂ ಮರೆಯುವಂತಿಲ್ಲ. ಸಂವಿಧಾನ ಇಂಗ್ಲಿಷಿಗೆ ಕೊಟ್ಟಿದ್ದ ಹದಿನೈದು ವರ್ಷದ ಗಡುವು 1965ರ ಜನವರಿ 26ಕ್ಕೆ ಮುಗಿದಿತ್ತು. ಇಂಗ್ಲಿಷ್ ಮುಂದುವರಿದದ್ದು ಕೇಂದ್ರದ 1963ರ ಅಧಿಕೃತ ಭಾಷೆಗಳ ಕಾಯ್ದೆಯ ಬಲದಿಂದ, ಮತ್ತು ಆ ಕಾಯ್ದೆಯ ತಿದ್ದುಪಡಿ ಸಂಸತ್ತಿನ ಮುಂದೆ ಬಂದದ್ದು 1967ರಲ್ಲೇ. ಇಂಗ್ಲಿಷ್ ತೊಲಗಿಸಬೇಕೆಂಬ ಲೋಹಿಯಾ ಅವರ ಚಳವಳಿಯನ್ನು ದಕ್ಷಿಣದಲ್ಲಿ ಹಿಂದಿ ಹೇರಿಕೆಯ ಇನ್ನೊಂದು ವೇಷವೆಂದು ಶಂಕಿಸುವವರು ಬಹಳವಿದ್ದರು. ಅದೇ ಲೋಕಸಭೆಯಲ್ಲಿ ಲೋಹಿಯಾ ಕೂತಿದ್ದರು. 1967ರ ಅಕ್ಟೋಬರ್ 12ರಂದು ತೀರಿಕೊಂಡರು. ಅವರ ಪಕ್ಷದ ಸದಸ್ಯನೊಬ್ಬ ಇಂಗ್ಲಿಷನ್ನೂ ಬಿಟ್ಟು, ಹಿಂದಿಯನ್ನೂ ಹಿಡಿಯದೆ ಕನ್ನಡದಲ್ಲಿ ನಿಂತದ್ದು ಆ ಶಂಕೆಗೆ ಪಕ್ಷದ ಒಳಗಿನಿಂದಲೇ ಬಂದ ಉತ್ತರ. (ಇದನ್ನು ಬರಿಯ ಭಾಷಾಪ್ರೇಮವೆನ್ನುವವರು ಸಮಾಜವಾದಿಗಳ ಸಾಹಿತ್ಯವನ್ನು ಓದದೆ ಪಟೇಲರ ನಗೆಚಾಟಿಕೆಗಳನ್ನಷ್ಟೇ ಸಂಗ್ರಹಿಸಿದವರು. ಆ ಚಾಟಿಕೆಗಳು ರುಚಿಯಾಗಿವೆ, ಒಪ್ಪೋಣ. ಆದರೆ ಹತ್ತು ಬಾಯಿ ದಾಟಿ ಬಂದ ಮಾತಿಗೆ ದಾಖಲೆಯ ತೂಕ ಬರುವುದಿಲ್ಲ.)

ಹೀಗೆ ಓದಿದರೆ 1978ರ ಚನ್ನಗಿರಿ ಹಿಂಬಡ್ತಿಯಂತೆ ಕಾಣುವುದಿಲ್ಲ. ಲೋಕಸಭೆ ಹೆಸರು ಕೊಟ್ಟಿತ್ತು, ಅಧಿಕಾರ ಕೊಟ್ಟಿರಲಿಲ್ಲ. ನಡುವೆ ತುರ್ತುಪರಿಸ್ಥಿತಿಯ ಸೆರೆವಾಸ. 1983ರಲ್ಲಿ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ, ದೊಡ್ಡ ಹುದ್ದೆಯ ದಾರಿ ವಿಧಾನಸೌಧದ ಮೂಲಕವೇ ಹಾಯುತ್ತದೆಂಬುದು ಸ್ಪಷ್ಟವಾಯಿತು. ಸೊರಬದ ಬಂಗಾರಪ್ಪನವರದು ಇದಕ್ಕೆ ತಿರುವುಮುರುವಾದ ದಾರಿ: 1967ರಲ್ಲೇ ವಿಧಾನಸಭೆ, 1990ರಲ್ಲಿ ಮುಖ್ಯಮಂತ್ರಿ, 1996ರಲ್ಲಿ ಶಿವಮೊಗ್ಗದಿಂದ ಲೋಕಸಭೆ. ದೇವೇಗೌಡರು 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋಗಿ, 1994ರಲ್ಲಿ ರಾಮನಗರದ ಶಾಸಕರಾಗಿ ಮರಳಿ ಮುಖ್ಯಮಂತ್ರಿಯಾದವರು. ಒಂದೇ ಏಣಿಯ ಚಿತ್ರ ಈ ಮೂವರಲ್ಲಿ ಇಬ್ಬರಿಗೆ ಹೊಂದುವುದಿಲ್ಲ.

1996ರ ಮೇ 31ರಂದು ಪಟೇಲರು ಮುಖ್ಯಮಂತ್ರಿಯಾದದ್ದನ್ನು ‘ಅದೃಷ್ಟ’ವೆನ್ನುವ ವಾದ ನನಗೆ ಬೇಸರ ತರಿಸುತ್ತದೆ. ದೇವೇಗೌಡರು ಪ್ರಧಾನಿಯಾಗಲು ಹೊರಟದ್ದರಿಂದ ಕುರ್ಚಿ ತೆರವಾಯಿತು, ನಿಜ. ಆದರೆ ತೆರವಾದ ಕುರ್ಚಿಯ ಪಕ್ಕದಲ್ಲೇ 1994ರಿಂದ ಉಪಮುಖ್ಯಮಂತ್ರಿಯಾಗಿ ಕೂತಿದ್ದವರು ಪಟೇಲರೇ.

ಅವರ ಆಡಳಿತದ ಹೊಸ ಜಿಲ್ಲೆಗಳು ಏಳು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಕಳಚಿ ಅತ್ತ ಸೇರಿದವು. ಅಂದಿನ ಹೊನ್ನಾಳಿ ತಾಲ್ಲೂಕಿನ ಗೋವಿನಕೋವಿಯಂಥ ಊರಿನವರು ಜಿಲ್ಲಾ ಕಚೇರಿಯ ಕೆಲಸಕ್ಕೆ ಬೇರೆ ದಿಕ್ಕಿನ ಬಸ್ಸು ಹತ್ತಬೇಕಾಯಿತು. ಆ ಊರು ಈಗ ಸೇರಿರುವ ನ್ಯಾಮತಿ ತಾಲ್ಲೂಕಾದದ್ದು ಪಟೇಲರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. ಅವಧಿಗೆ ಮೊದಲೇ ವಿಧಾನಸಭೆ ವಿಸರ್ಜಿಸಿ, ರಾಮಕೃಷ್ಣ ಹೆಗಡೆಯವರ ಜೊತೆ ಸೇರಿ, ಭಾರತೀಯ ಜನತಾ ಪಕ್ಷದ ಮೈತ್ರಿಯೊಂದಿಗೆ 1999ರ ಚುನಾವಣೆಗೆ ಹೋದ ಪಟೇಲರನ್ನು ಚನ್ನಗಿರಿಯೇ ಸೋಲಿಸಿತು. ಜಿಲ್ಲೆ ಕೊಟ್ಟವರಿಗೆ ಮತ ಖಚಿತವೆಂಬ ಲೆಕ್ಕವನ್ನು ಇಂದಿಗೂ ಒಪ್ಪಿಸುವ ಚುನಾವಣಾ ಪಂಡಿತರು ಈ ಫಲಿತಾಂಶವನ್ನು ಯಾವ ಕಾಲಂನಲ್ಲಿ ಬರೆದುಕೊಳ್ಳುತ್ತಾರೋ!